ಓಡೆಲ್‌ನ ಬೇಲಿಯ ಏಳು ಎಚ್ಚರಿಕೆಗಳು

ಫೆಬ್ರವರಿಯ ಕೊನೆಯ ವಾರ, ಕುರಿಗಳು ಈಯುವ ಕಾಲ. ಸೋಮವಾರ ಬೆಳಿಗ್ಗೆ ಏಳು ಗಂಟೆಯಿರಬೇಕು, ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಇನ್ನೂ ಕರಗಿರಲಿಲ್ಲ. ಓಡೆಲ್ ಕ್ರೆಬ್ಸ್ ತನ್ನ ಟ್ರಕ್ ತಂದು ನನ್ನ ಮನೆ ಮುಂದೆ ನಿಲ್ಲಿಸಿದ. ಹಿಂದುಗಡೆ ಮಿಸ್ ನೆಟ್ಟಿಯವರ ನಾಯಿ ಡೀಕನ್ ಹಗ್ಗ ಕಟ್ಟಿಸಿಕೊಂಡು ಕೂತಿತ್ತು. ಪಕ್ಕದಲ್ಲಿ ಸತ್ತ ಕುರಿಮರಿ.

"ಲಾನಿ, ನನ್ನ ಬೇಲಿ ಹತ್ರಾನೇ ಸಿಕ್ಕಿಬಿದ್ದ ಇವನು," ಅಂದ. "ಮರಿ ಹತ್ತು ಮಾರು ಆಚೆ ಬಿದ್ದಿತ್ತು. ಇನ್ನೇನು ಸಾಕ್ಷಿ ಬೇಕು? ಗುಂಡು ಹಾಕಿ, ಎಂಟನೆಯವನು ಅಂತ ನೇತುಹಾಕ್ತೀನಿ."

ನಮ್ಮ ಟೆಕ್ಸಸ್ ಕಡೆ ಕುರಿ ಸಾಕುವವರು ಕಯೋಟಿ ತೋಳವನ್ನು ಕೊಂದರೆ ರಸ್ತೆ ಬದಿಯ ಮುಳ್ಳುತಂತಿ ಬೇಲಿಗೆ ತಲೆಕೆಳಗಾಗಿ ಕಟ್ಟುತ್ತಾರೆ. ಉಳಿದ ತೋಳಗಳು ನೋಡಿ ಹೆದರಲಿ ಅಂತ. ಓಡೆಲ್‌ನ ಅಪ್ಪನೂ ಕಟ್ಟುತ್ತಿದ್ದ, ಅಜ್ಜನೂ ಕಟ್ಟುತ್ತಿದ್ದ. ಓಡೆಲ್‌ನ ಬೇಲಿಯಲ್ಲಿ ಆಗ ಏಳು ತೂಗುತ್ತಿದ್ದವು. ಮೂರು ತಲೆಮಾರಿನಲ್ಲಿ ತೋಳಗಳು ಕಡಿಮೆಯಾಗಿದ್ದನ್ನು ನಾನಂತೂ ಕಾಣೆ.

ಅಷ್ಟರಲ್ಲಿ ಸುದ್ದಿ ಕೇಳಿ ಮಿಸ್ ನೆಟ್ಟಿ ಬಂದರು. ನಲವತ್ತು ವರ್ಷ ಸ್ಕೂಲಿನ ಅಡುಗೆಮನೆಯಲ್ಲಿ ದುಡಿದವರು. ಓಡೆಲ್ ಸೇರಿದಂತೆ ಊರಿನ ಅರ್ಧ ಗಂಡಸರು ಅವರ ಸೌಟಿನ ಏಟು ತಿಂದವರೇ.

"ಓಡೆಲ್, ಜೈಲಲ್ಲಿ ಮರಣದಂಡನೆಯವನಿಗೆ ವಿಷದ ಸೂಜಿ ಚುಚ್ಚೋಕೆ ಮುಂಚೆ ಸರ್ಕಾರ ಎಷ್ಟು ವರ್ಷ ಕಾಯುತ್ತೆ?"

"ಹತ್ತು, ಹದಿನೈದು."

"ನನ್ನ ಡೀಕನ್‌ಗೆ ಶನಿವಾರದವರೆಗೆ ಕೊಡು ಸಾಕು."

ಓಡೆಲ್ ಸೌಟು ನೆನೆಸಿಕೊಂಡನೋ ಏನೋ, ಒಪ್ಪಿದ. ಸೆರೆಮನೆ ಅಂತ ನನ್ನ ಜಗಲಿಯನ್ನು ಆರಿಸಿದರು. ನಾನು ಮೂವತ್ತೊಂದು ವರ್ಷ ಜೈಲಿನಲ್ಲಿ ಸಂಬಳಕ್ಕೆ ಕೈದಿಗಳ ಬಟ್ಟೆ ಒಗೆದವನು, ಹಾಗಾಗಿ ನನಗೆ ಕಾನೂನು ಗೊತ್ತೆಂದು ಎಲ್ಲರ ನಂಬಿಕೆ. ನನಗೆ ಗೊತ್ತಿದ್ದದ್ದು ಕಲೆ ತೆಗೆಯುವುದು.

ಇದೇ ಕೊನೆಯ ಊಟ ಆಗಬಹುದು ಎಂದು ಮಿಸ್ ನೆಟ್ಟಿ ದಿನಕ್ಕೆರಡು ಸಲ ಸಾಸೇಜು, ಮೊಟ್ಟೆ, ಬೆಣ್ಣೆ ಸವರಿದ ಜೋಳದ ರೊಟ್ಟಿ ಹೊತ್ತು ತರುತ್ತಿದ್ದರು. ಬುಧವಾರದ ಹೊತ್ತಿಗೆ ಡೀಕನ್‌ನ ಕೊರಳಪಟ್ಟಿಯನ್ನು ಎರಡು ತೂತು ಸಡಿಲ ಮಾಡಬೇಕಾಯಿತು.

ಓಡೆಲ್ ಕೂಡ ಸಂಜೆ ಸಂಜೆ ಬಂದು ಕೈದಿಯ ಪಕ್ಕ ಕೂರುತ್ತಿದ್ದ.

"ಶಿಕ್ಷೆ ಕಣ್ಣಿಗೆ ಕಾಣ್ಬೇಕು ಲಾನಿ, ಆಗ್ಲೇ ಭಯ. ಸೂಜೀನೂ ಅಷ್ಟೇ, ಬೇಲೀನೂ ಅಷ್ಟೇ. ನೀನು ಅಷ್ಟು ಜನರನ್ನ ನೋಡಿದೀಯ, ನೀನೇ ಹೇಳು."

"ನಾನು ಮಾತಾಡಿಸಿದವರೆಲ್ಲ ಒಂದೇ ಹೇಳೋರು ಓಡೆಲ್. ಸಿಕ್ಕಿಬೀಳ್ತೀನಿ ಅಂದ್ಕೊಂಡಿರ್ಲಿಲ್ಲ ಅಂತ."

"ಸರಿ. ಸೂಜಿಗೆ ಹೆದರಿ ಸುಮ್ನೆ ಮನೇಲಿ ಉಳಿದವನ ಬಟ್ಟೆ ನಿನ್ನ ಹತ್ರ ಒಗೆಯೋಕೆ ಬರ್ತಿತ್ತಾ?"

ಗೆದ್ದವನಂತೆ ಓಡೆಲ್ ಡೀಕನ್‌ನ ತಟ್ಟೆಯಿಂದ ಒಂದು ಸಾಸೇಜು ತೆಗೆದು ತಿಂದ.

ಗುರುವಾರ ಬೆಳಿಗ್ಗೆ ಇನ್ನೊಂದು ಮರಿ ಸತ್ತಿತ್ತು. ಡೀಕನ್ ನನ್ನ ಜಗಲಿಯ ಕಂಬಕ್ಕೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಅದನ್ನೂ ಹಿಡಿದುಕೊಂಡು ನಾವು ಮೂವರೂ ನೋಡಲು ಹೋದೆವು. ತೋಳದ ಹೆಜ್ಜೆಗಳು ನೇರ ಬೇಲಿಯ ಬುಡಕ್ಕೆ ಹೋಗಿದ್ದವು. ನೇತುಬಿದ್ದ ಏಳು ತೋಳಗಳ ಅಡಿಯಲ್ಲೇ, ಗಾಳಿಗೆ ಒಳ್ಳೆ ಮರೆ ನೋಡಿಕೊಂಡು, ಅದು ನೆಮ್ಮದಿಯಾಗಿ ಕೂತು ಉಂಡಿತ್ತು. ಎಲುಬೂ ಉಣ್ಣೆಯೂ ಅಲ್ಲೇ ಬಿದ್ದಿದ್ದವು.

ಓಡೆಲ್ ಬೂಟಿನ ತುದಿಯಿಂದ ಉಣ್ಣೆ ಕೆದಕಿದ. "ಪಕ್ಕದ ಜಿಲ್ಲೆಯದಿರ್ಬೇಕು," ಅಂದ. "ನಮ್ಮ ಬೇಲಿ ವಿಷಯ ಗೊತ್ತಿಲ್ಲ ಅದಕ್ಕೆ."

"ಗೊತ್ತಿಲ್ದೆ ಇಲ್ಲೇ ಬಂದು ಊಟಕ್ಕೆ ಕೂತ್ಕೊಂತಾ?" ಅಂದರು ಮಿಸ್ ನೆಟ್ಟಿ.

"ಸರಿ, ಹಾಗಾದ್ರೆ ಸೋಮವಾರ ನಿಮ್ಮ ನಾಯಿಗೆ ಇಲ್ಲೇನು ಕೆಲಸ?"

ಉತ್ತರ ಡೀಕನ್ನೇ ಕೊಟ್ಟಿತು. ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿ, ಮೂರನೇ ತೋಳದ ಕೆಳಗೆ, ಕೊಳೆತ ರಸ ಸೋರಿ ಕಪ್ಪಾದ ಮಣ್ಣಿಗೆ ಬೆನ್ನು ಒತ್ತಿ, ನಾಲ್ಕೂ ಕಾಲು ಮೇಲೆತ್ತಿ ಹೊರಳಾಡತೊಡಗಿತು. ಮುಖದಲ್ಲಿ ಎಂಥ ಆನಂದ ಅಂತೀರಿ.

ಮಿಸ್ ನೆಟ್ಟಿ ಕೋಟಿನ ತೋಳಿನಿಂದಲೇ ಮೂಗು ಮುಚ್ಚಿಕೊಂಡರು. "ಎರಡು ತಿಂಗಳಿಂದ ದಿನಾ ಸ್ನಾನ ಮಾಡಿಸ್ತಿದೀನಿ ಕಣೋ. ಈ ನಾತ ಎಲ್ಲಿಂದ ತರ್ತಾನೆ ಅಂತ ಇವತ್ತು ಗೊತ್ತಾಯ್ತು. ನೀನೇ ಅತ್ತರಿನ ಅಂಗಡಿ ಇಟ್ಟು, ಗಿರಾಕಿ ಬಂದ ಅಂತ ಗುಂಡು ಹಾಕ್ತೀಯಾ?"

ಓಡೆಲ್ ಟೋಪಿ ತೆಗೆದು ತನ್ನ ಮೂಗಿಗೂ ಹಿಡಿದ.

ಶನಿವಾರ ಅವನು ಬಂದೂಕು ತರಲಿಲ್ಲ, ಒಂದು ಹೆಣ್ಣು ಕತ್ತೆ ತಂದ. ತೋಳ ಕಂಡರೆ ಒದ್ದು ಓಡಿಸುವ ಜಾತಿ. ಕುರಿಗಳ ನಡುವೆ ಬಿಟ್ಟ. ಆ ವಸಂತದಲ್ಲಿ ಮತ್ತೊಂದು ಮರಿ ಸಾಯಲಿಲ್ಲ. ಏಳು ತೋಳಗಳನ್ನು ಮಾತ್ರ ಇಳಿಸಲಿಲ್ಲ. "ನೋಡಿದ್ಯಾ ಲಾನಿ, ಬೇಲಿ ಈಗ ಕೆಲಸ ಶುರು ಮಾಡಿದೆ," ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದ.

ಬಿಡುಗಡೆ ಬೇಡವಾಗಿದ್ದದ್ದು ಡೀಕನ್‌ಗೆ. ಮನೆಗೆ ಹೋದರೆ ಮತ್ತೆ ಚೀಲದ ಒಣ ನಾಯಿತಿಂಡಿಯೇ ಗತಿ ಎಂದು ಅದಕ್ಕೂ ತಿಳಿದಿತ್ತು. ಮಿಸ್ ನೆಟ್ಟಿ ಮುಂದಿನಿಂದ ಎಳೆದರು, ಓಡೆಲ್ ಹಿಂದಿನಿಂದ ತಳ್ಳಿದ, ನಾನು ಕಾರಿನ ಬಾಗಿಲು ಹಿಡಿದು ನಿಂತೆ. ಹಾಗೂ ಹೀಗೂ ಮಾರ್ಚ್ ಎರಡರ ಭಾನುವಾರ, ಚರ್ಚು ಬಿಟ್ಟ ಮೇಲೆ, ಡೀಕನ್ ನನ್ನ ಜಗಲಿ ಬಿಟ್ಟು ಹೊರಟಿತು.