ಐದಕ್ಷರದ ಆಟ

ಸಂಜೆ ಏಳಾಯಿತೆಂದರೆ ಚನ್ನವೀರೇಶನಿಗೆ ಒಂದು ಬಗೆಯ ದಿಗಿಲು. ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮುಗಿಸಿ, ಕೈಗಂಟಿದ ಗ್ರೀಸನ್ನು ತಿಕ್ಕಿ ತೊಳೆದು, ಮಹಡಿಯ ಮೇಲಿನ ರೂಮಿಗೆ ಬಂದು ಗದಗಿಗೆ ಫೋನು ಹಚ್ಚುತ್ತಿದ್ದ. ಅಲ್ಲಿ ಅವನ ಮಗಳು ಸನ್ನಿಧಿ ನಾಲ್ಕನೇ ಕ್ಲಾಸು ಓದುತ್ತಿದ್ದಳು. ಹೆಂಡತಿ ನೀಲಾಂಬಿಕಾ ಮತ್ತು ಅವನು ಬೇರೆಯಾದಾಗ, ದಿನಾ ಸಂಜೆ ಮಗಳ ಜೊತೆ ಮಾತಾಡಬಹುದು ಎಂದು ಹಿರಿಯರ ಮುಂದೆ ತೀರ್ಮಾನವಾಗಿತ್ತು. ಆದರೆ ಮಾತಾಡಲು ಮಾತೇ ಇರುತ್ತಿರಲಿಲ್ಲ.

‘ಸಾಲಿಗೆ ಹೋಗಿದ್ದಿಯೇನವಾ?’

‘ಹ್ಞೂಂ.’

‘ಏನ್ ಕಲಿಸಿದ್ರು?’

‘ಏನಿಲ್ಲ.’

ಆಮೇಲೆ ಆ ಕಡೆ ಟೀವಿಯ ಸದ್ದು ಮಾತ್ರ ಕೇಳುತ್ತಿತ್ತು. ಫೋನಿಟ್ಟ ಮೇಲೆ ಅವನು ಸುಮ್ಮನೆ ಮಂಚದ ಮೇಲೆ ಕೂತುಬಿಡುತ್ತಿದ್ದ. ಕೆಳಗೆ ಮಾಗಡಿ ರೋಡಿನ ಬಸ್ಸುಗಳು ಹಾರನ್ನು ಹೊಡೆಯುತ್ತಲೇ ಇರುತ್ತಿದ್ದವು.

ಒಂದು ದಿನ ಸನ್ನಿಧಿಯೇ ಕೇಳಿದಳು. ‘ಪಪ್ಪಾ, ನಿನಗ ಇಂಗ್ಲಿಷ್ ಬರ್ತೈತೇನು? ಸಾಲ್ಯಾಗ ಕಾಂಪಿಟೇಶನ್ ಐತಿ. ಟೀಚರ್ ದಿನಾ ಎರಡು ಅಕ್ಷರ ಕೊಡ್ತಾರ. ಅವೆರಡೂ ಇರೋ ಐದಕ್ಷರದ ಪದ ಹುಡುಕಬೇಕು. ಇವತ್ತ ಎ ಮತ್ತ ಟಿ.’

ಅವನು ಕನ್ನಡ ಮೀಡಿಯಂನಲ್ಲಿ ಐಟಿಐ ಮಾಡಿದವನು. ಬಾಯಿಗೆ ಒಂದು ಪದವೂ ಬರಲಿಲ್ಲ. ‘ಒಂದ್ ನಿಮಿಷ ತಡಿ’ ಎಂದು ಫೋನನ್ನು ಸ್ಪೀಕರಿಗೆ ಹಾಕಿ, ಅದರಲ್ಲೇ ನೆಟ್ಟಿನಲ್ಲಿ ಹುಡುಕಿದ. ಮುಗಿಯದಷ್ಟು ಪದಗಳು ತೆರೆದುಕೊಂಡವು. ಒಂದೊಂದಾಗಿ ಅಕ್ಷರ ಬಿಡಿಸಿ ಹೇಳಿದ. ಸನ್ನಿಧಿ ಬರೆದುಕೊಂಡಳು. ‘ಪಪ್ಪಾ, ನೀ ಭಾಳ ಶಾಣ್ಯಾ ಅದೀ!’ ಎಂದಳು.

ಆ ಮಾತನ್ನು ಅವನು ಮರುದಿನವಿಡೀ ಮಶೀನಿನ ಮುಂದೆ ನೆನೆಸಿಕೊಂಡ.

ಅಂದಿನಿಂದ ಏಳು ಗಂಟೆಯ ಫೋನು ಬೇಗ ಮುಗಿಯುತ್ತಿರಲಿಲ್ಲ. ಅವನು ಪದವನ್ನು ಬಾಯಿಗೆ ಬಂದಂತೆ ಓದುತ್ತಿದ್ದ. ಚಾಕುವಿನ ಇಂಗ್ಲಿಷ್ ಪದವನ್ನು ‘ಕ್ನೈಫ್’ ಎಂದಾಗ ಅವಳು ಬಿದ್ದು ಬಿದ್ದು ನಕ್ಕಳು. ‘ಕೆ ಅನ್ನಬಾರದು ಪಪ್ಪಾ, ಅದು ಸುಮ್ನ ಇರ್ತೈತಿ. ನೈಫ್ ಅನ್ನು.’ ಅವನು ಹಾಗೇ ಅಂದ. ಮಗಳು ಹೇಳಿಕೊಡುವುದು ಅವನಿಗೆ ಎಷ್ಟು ಹಿತವೆನಿಸಿತೆಂದರೆ, ಬೇಕೆಂದೇ ಮತ್ತೊಮ್ಮೆ ತಪ್ಪು ಹೇಳಿದ.

ಇ ಮತ್ತು ಐ ಬಂದ ದಿನ ಎಲ್ಲ ಕೆಟ್ಟಿತು. ಅವನು ‘ಅಬಿಡೆ’, ‘ಅಗೈಲ್’, ‘ಏಲಿಯನ್’, ‘ಅಲೈಕ್’, ‘ಅಲೈವ್’ ಎಂದು ಓದುತ್ತ ಹೋದ. ಸನ್ನಿಧಿ ಬರೆಯುವುದನ್ನು ನಿಲ್ಲಿಸಿದಳು.

‘ಪಪ್ಪಾ, ಎಲ್ಲಾ ಎ ಇಂದನ ಯಾಕ್ ಶುರು ಆಗಾಕತ್ತಾವು? ಡಿಕ್ಷನರಿ ಇದ್ದಂಗ ಅದಾವು.’

ಅವನು ಗಡಬಡಿಸಿ ಫೋನಿನಲ್ಲಿದ್ದ ಪಟ್ಟಿಯನ್ನು ಕೆಳಕ್ಕೆ ಸರಿಸಿದ.

‘ನೀ ಮೊಬೈಲ್ ನೋಡಿ ಹೇಳಾಕತ್ತೀ ಹೌದಲ್ಲೋ? ತಲಿಯಾಗಿಂದ ತರಬೇಕು ಅಂದಾರ ಟೀಚರ್. ನಾ ಎಲ್ಲಾರ ಮುಂದ ನಮ್ಮ ಪಪ್ಪಾ ಹೇಳಿಕೊಟ್ರು ಅಂದಿದ್ದೆ.’

‘ನನಗ ಅಷ್ಟ್ ಬರಂಗಿಲ್ಲವಾ. ನೀ ಫೋನ್ ಇಟ್ಟು ಬಿಡ್ತೀ ಅಂತ...’

ಫೋನು ಕಟ್ಟಾಯಿತು.

ಮರುದಿನ ಅವಳು ಎತ್ತಲಿಲ್ಲ. ಅದರ ಮರುದಿನವೂ ಇಲ್ಲ. ಚನ್ನವೀರೇಶ್ ಕೆಲಸದಲ್ಲಿ ಮನಸ್ಸಿಲ್ಲದೆ ಬುಷ್ ಎಂಬ ಲೋಹದ ಬಳೆಯೊಂದನ್ನು ಅಳತೆ ತಪ್ಪಿ ಕೊರೆದ. ವರ್ಕ್‌ಶಾಪಿನ ಮಾಲೀಕ ಭೈರೇಶ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ‘ಏನಾಗಿದೆ ನಿಮಗೆ? ಹುಷಾರಿಲ್ಲ ಅಂದ್ರೆ ಮನೆಗೆ ಹೋಗಿ ಮಲ್ಕೊಳ್ಳಿ.’

‘ಇಲ್ಲ ಸಾರ್, ಇಲ್ಲೇ ಇರ್ತೀನಿ’ ಎಂದ. ರೂಮಿಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಎಲ್ಲರೂ ಹೋದ ಮೇಲೂ ಮಶೀನಿನ ಪಕ್ಕ ಕೂತು, ಅಲ್ಲಿಂದಲೇ ಫೋನು ಹಚ್ಚಿದ. ಈ ಸಲ ಅವಳು ಎತ್ತಿದಳು.

‘ಇವತ್ತ ಯಾವ ಅಕ್ಷರ?’ ಎಂದು ಕೇಳಿದ.

‘ಎಲ್ ಮತ್ತ ಇ’ ಎಂದಳು ಬೇಸರದಿಂದ. ‘ನೋಡಬ್ಯಾಡ ಮತ್ತ.’

‘ನೋಡಂಗಿಲ್ಲ. ವಿಡಿಯೋ ಹಾಕ್ತೀನಿ, ನೀನ ನೋಡು.’

ಅವನು ಫೋನನ್ನು ಟೂಲ್ ಡಬ್ಬಿಗೆ ಒರಗಿಸಿಟ್ಟು ಎರಡೂ ಕೈ ಎತ್ತಿ ತೋರಿಸಿದ. ಬಹಳ ಹೊತ್ತು ಏನೂ ಹೊಳೆಯಲಿಲ್ಲ. ಸನ್ನಿಧಿ ಪೆನ್ಸಿಲು ಕಚ್ಚುತ್ತ ಕಾದಳು. ಎದುರಿಗಿದ್ದ ಕಬ್ಬಿಣದ ತುಂಡುಗಳನ್ನೇ ನೋಡುತ್ತಿದ್ದವನು ಮೆಲ್ಲಗೆ ಬೆರಳು ಮಡಿಸಿದ.

‘ಎಸ್, ಟಿ, ಇ, ಇ, ಎಲ್. ಸ್ಟೀಲ್.’

‘ಬರೋಬ್ಬರಿ! ಮತ್ತ?’

‘ಮೆಟಲ್. ವೀಲ್. ಆಮ್ಯಾಲೆ ಲೇತ್. ಎಲ್, ಎ, ಟಿ, ಎಚ್, ಇ.’

‘ಲೇತ್ ಅಂದ್ರ ಏನು?’

‘ನಾ ದಿನಾ ಮಾಡೋ ಕೆಲಸ’ ಎಂದು ಅವನು ಮಶೀನು ಹಾಕಿದ. ಅದಕ್ಕೆ ಸಿಕ್ಕಿಸಿದ್ದ ಉಕ್ಕಿನ ರಾಡು ಗಿರಗಿರನೆ ತಿರುಗಿತು. ಟೂಲು ತಾಗಿಸಿದಾಗ ಉಕ್ಕಿನ ಸಿಪ್ಪೆ ಬೆಳ್ಳಗೆ ಸುರುಳಿಯಾಗಿ ಬಂತು. ‘ಅಮ್ಮಾ, ಬಾ ಇಲ್ಲೆ, ಪಪ್ಪಾನ ಮಶೀನ್ ನೋಡು!’ ಎಂದು ಸನ್ನಿಧಿ ಕೂಗಿದಳು. ನೀಲಾಂಬಿಕಾ ಬಂದು ಮಗಳ ಹಿಂದೆ ನಿಂತಳು. ಕೈಯಲ್ಲಿ ಲಟ್ಟಣಿಗೆ ಇತ್ತು. ಸ್ವಲ್ಪ ಸೊರಗಿದ್ದಳು.

‘ಆರಾಮ ಅದೀರಿ?’ ಎಂದಳು.

‘ಆರಾಮ. ನೀ?’

‘ಹ್ಞೂಂ’ ಎಂದು ಒಳಗೆ ಹೋದಳು. ಅವನು ಮಶೀನು ನಿಲ್ಲಿಸಿದ. ಇನ್ನೇನೋ ಕೇಳಬೇಕಿತ್ತು ಎನಿಸಿತು. ಏನೆಂದು ತಿಳಿಯಲಿಲ್ಲ.

ಸ್ಪರ್ಧೆ ಮುಗಿಯುವವರೆಗೆ ಅಪ್ಪ ಮಗಳು ಹೀಗೇ ಆಡಿದರು. ಕೆಲವು ದಿನ ಅವನಿಗೆ ಒಂದೇ ಪದ ಸಿಗುತ್ತಿತ್ತು, ಕೆಲವು ದಿನ ಅದೂ ಇಲ್ಲ. ಸನ್ನಿಧಿಗೆ ಮೂರನೇ ಬಹುಮಾನ ಬಂತು. ಒಂದು ಕಂಪಾಸ್ ಬಾಕ್ಸು. ಅದನ್ನು ತೋರಿಸಿ, ‘ಆಟ ಮುಗೀತು ಪಪ್ಪಾ’ ಎಂದಳು. ಆಮೇಲೆ ಅವಳಿಗೆ ಸಂಜೆ ಡ್ಯಾನ್ಸ್ ಕ್ಲಾಸು ಶುರುವಾಯಿತು. ಫೋನು ವಾರಕ್ಕೊಮ್ಮೆ, ಭಾನುವಾರಕ್ಕೆ ಹೋಯಿತು.

ಅಂಥ ಒಂದು ಭಾನುವಾರ ಅವನು ಧೈರ್ಯ ಮಾಡಿ ಕೇಳಿದ. ‘ಬೇಸಿಗೆ ಸೂಟಿಗೆ ಇಲ್ಲಿಗೆ ಬರ್ತೀಯೇನು? ಮೆಟ್ರೋದಾಗ ಅಡ್ಡಾಡಿಸ್ತೀನಿ.’

‘ಬರ್ತೀನಿ! ಅಮ್ಮಗ ಕೇಳ್ತೀನಿ ತಡಿ.’

ಆ ಸಂಜೆಯೇ ಅವನು ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಇನ್ನೊಂದು ದಿಂಬು ಕೊಂಡ. ಹೂವಿನ ಚಿತ್ರವಿರುವ ಕವರನ್ನು ಆರಿಸಿದ. ರೂಮಿನ ಗೋಡೆಯ ಜೇಡರ ಬಲೆ ತೆಗೆದ. ಕಿಟಕಿಗೆ ಪರದೆ ಕಟ್ಟಿದ.

ಬುಧವಾರ ನೀಲಾಂಬಿಕಾಳ ಮೆಸೇಜು ಬಂತು. ‘ಈ ಸಲ ಬ್ಯಾಡ. ಅಷ್ಟು ದೂರ ಆಕಿನ್ನ ಬಿಟ್ಟಿರಾಕ ನನ್ನ ಕಡಿಂದ ಆಗಂಗಿಲ್ಲ. ದಸರಾಕ್ಕ ನೋಡೋಣ.’

ಅವನು ಉದ್ದಕ್ಕೆ ಏನೋ ಬರೆದ. ಓದಿ ನೋಡಿ ಅಳಿಸಿದ. ಕೊನೆಗೆ ‘ಆತು’ ಎಂದಷ್ಟೇ ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಮೆಸ್ಸಿಗೆ ಊಟಕ್ಕೆ ಹೊರಟ.