ಭರಮಪ್ಪನ ಎತ್ತಿನ ಗಂಜಳ

ಇಂಗ್ಲಿಷ್ ಔಷಧವು ತನ್ನ ಎಪ್ಪತ್ತು ವರ್ಷದ ದೇಹವನ್ನು ಸೋಕಿಯೇ ಇಲ್ಲವೆಂದು ಮುರಗೋಡದ ಭರಮಪ್ಪನು ಕಂಡಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದನು. ವಾರಿಗೆಯವರು ಮೊಣಕಾಲು ಹಿಡಿದುಕೊಂಡರೆ, "ಗುಳಿಗಿ ನುಂಗಾವ ಗಂಡಸಲ್ಲ" ಎಂದು ಮೀಸೆ ತಿರುವುವನು. ೨೦೦೯ರ ಕಲ್ಲು ಎಳೆಯುವ ಪಂದ್ಯದಲ್ಲಿ ಅವನ ಎತ್ತು ಗೆದ್ದಾಗ, ಅದಕ್ಕೆ ಮದ್ದು ತಿನ್ನಿಸಿದ್ದಾನೆಂದು ಸೋತವರು ಗದ್ದಲವೆಬ್ಬಿಸಿದರು. ಪರೀಕ್ಷೆ ಮುಗಿಯುವವರೆಗೆ ಬಹುಮಾನವಾದ, ಎತ್ತಿನ ಕೊಂಬಿನ ತುದಿಗೆ ತೊಡಿಸುವ ಬೆಳ್ಳಿ ಕೋಡಣಸುಗಳು ಪಂಚರ ಹಿರಿಯ ಬಸಲಿಂಗಪ್ಪನ ವಶಕ್ಕೆ ಹೋದವು.

ಪರೀಕ್ಷಿಸಲು ಬಂದವಳು ಔಷಧಶಾಸ್ತ್ರ ಓದುತ್ತಿದ್ದ ಕಿತ್ತೂರಿನ ನಾಜಿಯಾ. ಗಂಜಳ ಹಿಡಿಯಲು ಅವಳು ಕೊಟ್ಟ ಶೀಶೆಯನ್ನು ಭರಮಪ್ಪನು ಎತ್ತಿನ ಹೊಟ್ಟೆಯ ಕೆಳಗೆ ಹಿಡಿದು ಎರಡು ತಾಸು ಬಾಗಿ ನಿಂತನು, ಸೀಟಿ ಹಾಕಿದನು, ನೀರು ಸುರಿದು ತೋರಿಸಿದನು. ಎತ್ತು ಮೆಲುಕು ಹಾಕುತ್ತಲೇ ಇತ್ತು. ಸೀಟಿಯ ಪರಿಣಾಮವಾದದ್ದು ಭರಮಪ್ಪನ ಮೇಲೆಯೇ! 'ನಾವಿಬ್ಬರೂ ಒಂದೇ ಹೊಲದ ಜೋಳ ತಿಂದವರಲ್ಲವೇ' ಎಂದು ಸಮಾಧಾನ ಹೇಳಿಕೊಂಡು, ಗೋಡೆಯ ಮರೆಗೆ ಹೋಗಿ ಶೀಶೆ ತುಂಬಿಸಿ ತಂದನು.

"ನೋಡ್ರಿ ಅಜ್ಜಾರ," ಎಂದಳು ನಾಜಿಯಾ. "ಈ ಸಣ್ಣ ನಳಿಗಿ ಗೋಡಿಗೆ ಎಣ್ಣಿ ಕುಡಿಸೇನಿ. ಹೊರಗ ಗಂಜಳ, ಒಳಗ ತಿಳಿನೀರು. ಎರಡೂ ಕಡೆ ತಂತಿ ಇಟ್ಟು ಕರೆಂಟ್ ಬಿಟ್ರ, ಮದ್ದು ಎಣ್ಣಿ ದಾಟಿ ಒಳಗ ಬರತೈತಿ. ಹೊಲಸೆಲ್ಲಾ ಹೊರಗ ಉಳೀತೈತಿ."

"ಎಲ್ಲಾ ಮದ್ದೂ ಬರತಾವೇನ ತಂಗೀ?"

"ಎಲ್ಲಾ ಇಲ್ರಿ. ಮೊಣಕಾಲ ನೋವಿಗೆ ಕೊಡೋ ಜೋರ್ ಗುಳಿಗಿ ಇರತಾವಲ್ರಿ, ಅಂಥವು ಭಾಳ ಲಗೂ ಬರತಾವ."

ಭರಮಪ್ಪನ ಮೀಸೆ ಜೋಲಿತು. ಹೆಂಡತಿ ಕೆಂಪವ್ವನ ಹೆಸರು ಹೇಳಿ ಯರಗಟ್ಟಿಯ ಔಷಧದಂಗಡಿಯಿಂದ ತಂದು, ಬೆಲ್ಲದಲ್ಲಿ ಅಡಗಿಸಿ ಅವನು ದಿನವೂ ನುಂಗುತ್ತಿದ್ದುದು ಅಂಥದೇ ಗುಳಿಗೆ. ಆದರೂ ಶೀಶೆಯನ್ನು ಅವಳ ಕೈಗಿತ್ತನು.

ನಾಲ್ಕು ದಿನಗಳ ಮೇಲೆ ಕಾಲೇಜಿನ ಯಂತ್ರದಲ್ಲಿ ನೋಡಿದ ಫಲಿತಾಂಶದೊಡನೆ ನಾಜಿಯಾ ಚಾವಡಿಗೆ ಬಂದಳು. ನೋವಿನ ಗುಳಿಗೆ ಸಿಕ್ಕಿತ್ತು.

"ಎತ್ತಿಗೂ ಮೊಣಕಾಲ ಬ್ಯಾನಿ ಏನೋ ಭರಮ್ಯಾ?" ಎಂದು ಯಾರೋ ಕೆಣಕಿದರು.

ಬಸಲಿಂಗಪ್ಪನು ಕೆಮ್ಮಿ, "ಕೋಡಣಸು ಎರಡನೇ ಬಂದವರಿಗೆ. ಈ ಎತ್ತು ಇನ್ನ ಯಾವ ಕಣಕ್ಕೂ ಇಳಿಯೂಹಂಗಿಲ್ಲ" ಎಂದನು.

ಬೇವಿನ ಮರಕ್ಕೆ ಕಟ್ಟಿದ್ದ ಎತ್ತು ತಲೆಯೆತ್ತಿ ಒಡೆಯನನ್ನು ನೋಡಿತು. ಭರಮಪ್ಪನು ಮೊಣಕಾಲಿಗೆ ಕೈಯೂರಿ ಎದ್ದನು.

"ಎತ್ತಿನ ತಪ್ಪಿಲ್ರಿ. ಅದು ನಂದು."

"ಏನ ನಿಂದು? ಗುಳಿಗಿ?"

"ಗುಳಿಗಿನೂ ನಂದ. ಶೀಶೆದಾಗಿಂದೂ ನಂದ."

ಚಾವಡಿಯ ಹಂಚು ಹಾರುವಂಥ ನಗೆ ಎದ್ದಿತು. ಆ ಸದ್ದಿಗೆ ಬೆಚ್ಚಿದ ಎತ್ತು, ಎರಡು ತಾಸು ಬೇಡಿದರೂ ಕೊಡದಿದ್ದುದನ್ನು ಧಾರಾಳವಾಗಿ ಸುರಿಸಿತು. ನಾಜಿಯಾ ಶೀಶೆ ಹಿಡಿದು ಓಡಿದಳು.

ಈ ಸಲ ಎಣ್ಣೆ ದಾಟಿ ಯಾವ ಮದ್ದೂ ಬರಲಿಲ್ಲ. ಕೋಡಣಸುಗಳು ಮನೆಗೆ ಬಂದ ದಿನ ಕೆಂಪವ್ವ ಆರತಿ ಬೆಳಗಿದಳು, ಎತ್ತಿಗೆ ಮಾತ್ರ.

"ಎರಡ ವರ್ಷ ಆತು, ಯರಗಟ್ಟಿ ಅಂಗಡಿಯಾವ ಕಂಡಾಗೊಮ್ಮೆ 'ನಿಮ್ಮ ಮೊಣಕಾಲ ಹೆಂಗದಾವ್ರಿ ಅಕ್ಕಾರ' ಅಂತಿದ್ದ. ಅವ ಕೇಳಿ ಕೇಳಿ ನನಗೂ ನೋವು ಹತ್ತಿತ್ತು," ಎಂದಳು. "ಇವತ್ತ ಹೋತು ನೋಡ್ರಿ."