ಅಲುಗದ ಹಾಸಿಗೆ

ಟೈಲರಮ್ಮನ ಬೆನ್ನುನೋವಿಗೆ ಡಾಕ್ಟರು ಹೊಸ ಹಾಸಿಗೆ ಹೇಳಿದ್ದರು. ಗಂಡನನ್ನು ಕರೆದುಕೊಂಡು ಅಂಗಡಿಗೆ ಹೋದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿಟ್ಟರೇ ಹೊರತು ಎಂಥ ಹಾಸಿಗೆ ಅಂತ ಹೇಳಲಿಲ್ಲ. ಅಲ್ಲಿ ನೋಡಿದರೆ ಗಟ್ಟಿಯದು, ಮೆತ್ತನೆಯದು, ಎರಡರ ನಡುವಿನದು, ಒಂದೊಂದಕ್ಕೂ ಒಂದೊಂದು ಪುರಾಣ.

"ಚಪ್ಪಲಿ ಬಿಟ್ಟು ಮಲಗಿ ನೋಡಿ ಮೇಡಂ, ನಾಚ್ಕೋಬೇಡಿ," ಅಂದ ಅಂಗಡಿಯವನು.

ಮಲಗಿದಳು. ಮೆಮೊರಿ ಫೋಮು ಮೆಲ್ಲಗೆ ಕುಸಿದು ಸೊಂಟವನ್ನು ಹಿಡಿದುಕೊಂಡಿತು. ಹಿತ ಅನ್ನಿಸಲಿಲ್ಲ, ಕಿರಿಕಿರಿಯೂ ಆಗಲಿಲ್ಲ. ಇತ್ತೀಚೆಗೆ ಅವಳಿಗೆ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ.

ಅವಳು ಎದ್ದ ಮೇಲೆ ಅಂಗಡಿಯವನು ಹಾಸಿಗೆಯ ಒಂದು ಬದಿ ನೀರು ತುಂಬಿದ ಲೋಟ ಇಟ್ಟು, ಇನ್ನೊಂದು ಬದಿ ಧೊಪ್ಪನೆ ಕುಳಿತ. ಒಂದು ಹನಿಯೂ ಚೆಲ್ಲಲಿಲ್ಲ.

"ನೋಡಿ ಸರ್! ಪಕ್ಕದಲ್ಲಿ ನೀವು ಕುಣಿದ್ರೂ ಮೇಡಂಗೆ ಗೊತ್ತಾಗಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನಿಗೆ ನಿದ್ದೆಯಲ್ಲಿ ಫಿಟ್ಸ್ ಬರುತ್ತಿತ್ತು. ಮಾತ್ರೆ ನುಂಗಿದರೂ ಯಾವಾಗಲಾದರೊಮ್ಮೆ ಬಂದೇ ಬರುತ್ತಿತ್ತು. ಅವನು ಅದುರಿದೊಡನೆ ಮನೆಯ ಹಳೇ ಸ್ಪ್ರಿಂಗ್ ಹಾಸಿಗೆ ಅವಳನ್ನು ಅಲುಗಿಸಿ ಎಬ್ಬಿಸುತ್ತಿತ್ತು. ಅವಳು ಅವನನ್ನು ಮಗ್ಗುಲಿಗೆ ಹೊರಳಿಸಿ, ಉಸಿರು ಸರಿಹೋಗುವ ತನಕ ಪಕ್ಕದಲ್ಲೇ ಕೂರುತ್ತಿದ್ದಳು. ಮದುವೆಯಾದಂದಿನಿಂದ ಅವಳದು ಕೋಳಿನಿದ್ದೆ. ಅವನು ಕೆಮ್ಮಿದರೂ ಎಚ್ಚರ, ಮಗ್ಗುಲು ಬದಲಿಸಿದರೂ ಎಚ್ಚರ. ಬೆಳಗಾದರೆ ಹೊಲಿಗೆ ಮಿಷನ್ ಮುಂದೆ ಬಗ್ಗಿದ ಬೆನ್ನು. ಬೆನ್ನೇನು ಕಬ್ಬಿಣದ್ದೇ?

"ಇದೇ ಇರ್ಲಿ," ಅಂದ ಗಂಡ.

"ರೀ..." ಅಂದಳು. ಮಾತನ್ನು ಅಲ್ಲಿಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

"ನೀನು ನಿದ್ದೆ ಮಾಡ್ಬೇಕು ಕಣೇ."

ಹಾಸಿಗೆ ಬಂತು. ತಂದವರೇ ಹಳೆಯದನ್ನು ಹೊತ್ತುಕೊಂಡು ಹೋದರು.

ಆ ವಾರವೇ ಒಂದು ದಿನ ಅವಳು ಕಣ್ಣು ಬಿಟ್ಟಾಗ ಬಿಸಿಲು ಅರ್ಧ ಗೋಡೆಗೆ ಬಂದಿತ್ತು. ಬೆನ್ನು ನೋಯುತ್ತಿರಲಿಲ್ಲ. ಪಕ್ಕದ ದಿಂಬಿನ ಮೇಲೆ ರಕ್ತದ ಕಲೆಯಿತ್ತು.

ಗಂಡ ಅಡುಗೆಮನೆಯಲ್ಲಿ ಉಪ್ಪುನೀರು ಮುಕ್ಕಳಿಸುತ್ತಿದ್ದ. ಕಚ್ಚಿಕೊಂಡ ನಾಲಿಗೆ ಊದಿತ್ತು.

"ಬಂದಿತ್ತಾ?"

"ಬಂದು ಹೋಯ್ತು. ನೀನು ಒಳ್ಳೆ ನಿದ್ದೇಲಿದ್ದೆ." ಅವನ ಮಾತು ತೊದಲುತ್ತಿತ್ತು. "ಅಂಗಡಿಯವ್ರು ವಾಪಸ್ ತಗೊಳ್ತಾರಂತೆ. ಕೊಟ್ಟುಬಿಡೋಣ್ವಾ?"

ಅವನು ಬೋರಲಾಗಿ ಬಿದ್ದು ಉಸಿರು ಕಟ್ಟಿದ್ದರೂ ತನಗೆ ಗೊತ್ತಾಗುತ್ತಿರಲಿಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಅರ್ಥವಾಯಿತು. ಕೊಡೋಣ ಅನ್ನಬೇಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಷ್ಟು ವರ್ಷ ಕಾದವಳು ಬೇರೇನು ಅಂದಾಳು?

"ಬೇಡ," ಅಂದಳು.

ಗಂಡ ಹೂಂ ಅಂದು, ದಿಂಬಿನ ಕವರು ನೆನೆಹಾಕಲು ಹೋದ.

ಎದೆ ಧಸಕ್ಕೆನ್ನಬೇಕಿತ್ತು, ಕಣ್ಣಲ್ಲಿ ನೀರಾದರೂ ಬರಬೇಕಿತ್ತು. ನಿಂತು ಕಾದಳು. ಏನೂ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಬೆಳಗ್ಗೆ ಎದ್ದೊಡನೆ ಹೊಟ್ಟೆ ಹಸಿದಿತ್ತು. ನಿಂತಲ್ಲೇ ಬ್ರೆಡ್ಡು ತಿಂದಳು.